ಸಂತ್ರಿ ಸಾಹೇಬನ ದನಿ

೧೧ ಜನವರಿ ೧೯೮೨, ಸೋಮವಾರ
ವಾಡಿ

ಈ ವಾಡಿ ಜಂಕ್ಷನ್ನಿನಲ್ಲಿ, ಅಷ್ಟೇ ಯಾಕೆ, ಇಡೀ ಚಿತ್ತಾಪುರ ತಾಲ್ಲೂಕಿನಲ್ಲಿ ಇಂಗ್ಲಿಷ್ ಬ್ಯಾಂಡುಗಳ ಹಾಡು ಕೇಳುವವರು ಇಬ್ಬರೇ. ಒಬ್ಬ ನಾನು, ಸ್ಟೇಷನ್ ರೋಡಿನ ಟೇಲರ್ ಚಂದ್ರಾಮಪ್ಪ. ಇನ್ನೊಬ್ಬ ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಗೊಲ್ಲಾಳಪ್ಪ. ಆ ಇಬ್ಬರೂ ಶುಕ್ರವಾರದಿಂದ ಮಾತು ಬಿಟ್ಟಿದ್ದೇವೆ.

ಮನಸ್ಸಿನಲ್ಲಿದ್ದದ್ದು ಹೇಳಿಕೊಳ್ಳಲು ನನಗೆ ಇದ್ದವನು ಅವನೊಬ್ಬನೇ. ಅದಕ್ಕೆ ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯಲು ಕುಳಿತಿದ್ದೇನೆ. ಶಾಲೆಯನ್ನು ಆರನೆಯ ಇಯತ್ತೆಯಲ್ಲಿ ಅರ್ಧಕ್ಕೆ ಬಿಟ್ಟವನ ಅಕ್ಷರ. ಯಾರಾದರೂ ಅಳತೆ ನೋಡಲು ಪುಸ್ತಕ ತಿರುವಿ ಇದನ್ನು ಓದಿಬಿಟ್ಟರೆ? ಬರೆಯುವ ಮೊದಲೇ ಈ ಹೆದರಿಕೆ ಶುರುವಾಗಿದೆ.

ಎಂಟು ವರ್ಷದ ಹಿಂದೆ ಇಲ್ಲಿಯ ಇಂಜಿನ್ ಡ್ರೈವರ್ ಸಾಹೇಬರೊಬ್ಬರು ಕೆಲಸ ಮುಗಿಸಿ ಪರದೇಶಕ್ಕೆ ಹೊರಟರು. ಮನೆಯ ಸಾಮಾನೆಲ್ಲ ವರಾಂಡದಲ್ಲಿಟ್ಟು ಮಾರಿದರು. ನಾನು ರೆಕಾರ್ಡ್ ಪ್ಲೇಯರ್ ತಗೊಂಡೆ, ಗೊಲ್ಲಾಳ ರೆಕಾರ್ಡಿನ ಪೆಟ್ಟಿಗೆ ತಗೊಂಡ. ಒಂದಿಲ್ಲದೆ ಇನ್ನೊಂದರಿಂದ ಏನೂ ಉಪಯೋಗವಿಲ್ಲ. ಹಾಗಾಗಿ ಎರಡೂ ನನ್ನ ಅಂಗಡಿಯಲ್ಲೇ ಉಳಿದವು, ಅವನೂ ಡ್ಯೂಟಿ ಇಲ್ಲದಾಗೆಲ್ಲ ನನ್ನ ಅಂಗಡಿಯಲ್ಲೇ ಉಳಿದ. ಆರು ದೊಡ್ಡ ತಟ್ಟೆ, ನಲವತ್ತೊಂದು ಸಣ್ಣ ತಟ್ಟೆ. ಸಣ್ಣದರಲ್ಲಿ ಮಗ್ಗುಲಿಗೆ ಒಂದೇ ಹಾಡು.

ಇಂಗ್ಲಿಷ್ ನಮಗಿಬ್ಬರಿಗೂ ಬರುವುದಿಲ್ಲ. ಕವರಿನ ಮೇಲಿನ ಬಟ್ಟೆ ನೋಡಿ ನಾನು ಬ್ಯಾಂಡುಗಳಿಗೆ ಹೆಸರಿಟ್ಟೆ. ಒಂದೇ ಥಾನಿನ ಕೋಟಿನವರು. ಕಿರಿಕಾಲರಿನವರು. ತೋಳಿಗೆ ನೆರಿಗೆ ನೆರಿಗೆಯಾಗಿ ಝಾಲರ್ ಹಚ್ಚಿಕೊಂಡವರು. ಕವರೇ ಇಲ್ಲದ ತಟ್ಟೆ ಒಂದಿತ್ತು, ನಡುವಿನ ಚೀಟಿ ಸಂತ್ರಿ, ಅಂದರೆ ಕಿತ್ತಳೆ, ಹಣ್ಣಿನ ಬಣ್ಣದ್ದು. ಅದರಲ್ಲಿ ಹಾಡುವವನು ಸಂತ್ರಿ ಸಾಹೇಬ. ದಪ್ಪ ದನಿ. ಅವಸರವಿಲ್ಲ. ಹೆಗಲ ಮೇಲೆ ಕೈಯಿಟ್ಟು ಏನೋ ಹೇಳುತ್ತಿರುವ ದೊಡ್ಡ ಮನುಷ್ಯನ ಹಾಗೆ.

ದೊಡ್ಡ ತಟ್ಟೆಗಳಲ್ಲಿ ಒಂದು, ಹನ್ನೆರಡು ಬ್ಯಾಂಡುಗಳ ಹಾಡು ಕೂಡಿಸಿ ಮಾಡಿದ್ದು. ಅದರಲ್ಲೂ ಇದೇ ಹಾಡಿದೆ, ಆದರೆ ಒಬ್ಬ ಹುಡುಗಿ ಗಡಿಬಿಡಿಯಲ್ಲಿ ಹಾಡಿದ್ದಾಳೆ. ಇಂಥ ಕೂಡಿಕೆ ತಟ್ಟೆ ನನಗೆ ಸೇರುವುದಿಲ್ಲ. ಒಂದೂವರೆ ಗಜದಲ್ಲಿ ಎರಡು ಅಂಗಿ ಎಬ್ಬಿಸುವ ಟೇಲರನ ಕೆಲಸ ಅದು. ಹನ್ನೆರಡು ಹಾಡು ತುರುಕಬೇಕೆಂದು ಸಾಹೇಬನ ಹಾಡನ್ನು ಆ ಹುಡುಗಿಯಿಂದ ಓಡಿಸಿದ್ದಾರೆ ಎಂದು ನಾನು. ಅಕಿನೂ ಚೆಂದ ಹಾಡ್ತಾಳಲೇ ಎಂದು ಗೊಲ್ಲಾಳ. ಎಂಟು ವರ್ಷ ಇದೇ ವಾದ, ಚಹಾದ ಜೊತೆ.

ಶುಕ್ರವಾರ ಅವನು ಹೇಳಿ ಕಳಿಸಿದ: ಹೈದರಾಬಾದಿನಿಂದ ಒಂದು ಹಳೇ ಪ್ಲೇಯರ್ ತಂದಿದ್ದೇನೆ, ಸಾಹೇಬನನ್ನು ಕರೆದುಕೊಂಡು ಬಾ. ಹೋದೆ. ಕ್ವಾರ್ಟರ್ಸಿನಲ್ಲಿ ನಾಲ್ಕು ಮಂದಿ ರೈಲ್ವೆಯವರು ಕುಳಿತಿದ್ದರು. ಗೊಲ್ಲಾಳ ತಟ್ಟೆ ಇಟ್ಟ, ಪಕ್ಕದ ಒಂದು ಕಡ್ಡಿ ಸರಿಸಿದ, ಸೂಜಿ ಇಳಿಸಿದ. ನನ್ನ ಸಾಹೇಬನ ತಟ್ಟೆಯಿಂದ ಆ ಹುಡುಗಿಯೇ ಹಾಡತೊಡಗಿದಳು.

"ನೋಡಲೇ ಚಂದ್ರಾಮ, ನಿನ ಸಾಹೇಬ ಲಂಗಾ ಉಟ್ಟಾನ!" ಎಂದು ಗೊಲ್ಲಾಳ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ನಾಲ್ವರೂ ನಕ್ಕರು.

"ನಿನ ಮಷೀನು ಹುಚ್ಚ ಹಿಡದು ಓಡಾಕತ್ತದ. ಮೊದಲ ಬಂದ್ ಮಾಡು" ಎಂದೆ.

"ಇದು ಓಡಾಕತ್ತಿಲ್ಲಪಾ. ಎಂಟು ವರ್ಷ ನಿಂದೇ ಕುಂಟಾಕತ್ತಿತ್ತು."

ತಟ್ಟೆ ಕಿತ್ತುಕೊಂಡು, ಇನ್ನ ನನ್ನ ಅಂಗಡಿ ಕಟ್ಟಿ ಹತ್ತಬ್ಯಾಡ ಎಂದು ಹೇಳಿ ಬಂದೆ. ಗೀರು ಬಿದ್ದಿದೆಯೋ ಎಂದು ದಾರಿಯಲ್ಲಿ ಮೂರು ಸಲ ನಿಂತು ನೋಡಿದೆ.

೧೩ ಜನವರಿ, ಬುಧವಾರ

ಮಧ್ಯಾಹ್ನ ಸಾಹೇಬನನ್ನು ಹಾಕಿದೆ. ಅದೇ ದಪ್ಪ ದನಿ. ನನ್ನ ಮಷೀನು ಸರಿಯಾಗಿಯೇ ಇದೆ. ಇದ್ದರೂ ಖಾತ್ರಿಗೆಂದು ಎರಡನೆಯ ಸಲ ಹಾಕಿದೆ.

ನಕ್ಕದ್ದಕ್ಕೆ ಇಷ್ಟೊಂದು ಸಿಟ್ಟೇ ಎಂದು ಅವನು ಅಂದುಕೊಂಡಿರಬೇಕು. ಅವನಿಗೆ ನೆನಪಿಲ್ಲವೇ? ನಾಲ್ಕು ವರ್ಷದ ಹಿಂದೆ, ಮಳೆಗಾಲದಲ್ಲಿ, ನಮ್ಮ ಮಗಳು ಗುರುದೇವಿ ಜ್ವರದಲ್ಲಿ ಹೋದಳು. ನಾಲ್ಕು ವರ್ಷದ ಕೂಸು. ಮಂದಿ ಬಂದು ಸಮಾಧಾನ ಹೇಳಿ ಹೋದರು. ಗೊಲ್ಲಾಳ ಹಾಗಲ್ಲ. ಎರಡು ತಿಂಗಳು ದಿನಾ ಡ್ಯೂಟಿ ಮುಗಿಸಿ ಬಂದು, ಸಾಹೇಬನ ತಟ್ಟೆ ಹಾಕಿ, ನನ್ನ ಎದುರಿಗೆ ಕುಳಿತು ಎದ್ದು ಹೋಗುತ್ತಿದ್ದ. ಹಾಡಿನ ಅರ್ಥ ಇಬ್ಬರಿಗೂ ಗೊತ್ತಿರಲಿಲ್ಲ. ನಮಗೆ ತಿಳಿದದ್ದಂತೂ ಇಷ್ಟು: ಈ ಮನುಷ್ಯನೂ ಯಾರನ್ನೋ ಕಳೆದುಕೊಂಡಿದ್ದಾನೆ.

ಅಂಥವನಿಗೆ ಲಂಗ ಉಡಿಸಿದ. ನಾಲ್ಕು ಮಂದಿಯ ಮುಂದೆ.

೧೯ ಜನವರಿ, ಮಂಗಳವಾರ

ನನ್ನ ಹೆಂಡತಿ ಮಾಳಮ್ಮ ನಳದ ಹತ್ತಿರ ಗೊಲ್ಲಾಳನ ಹೆಂಡತಿ ಯಂಕಮ್ಮನನ್ನು ಕಂಡು ಬಂದಳು. ಕೊಡ ಇಳಿಸುವ ಮೊದಲೇ ಹೇಳಿದಳು: "ಗೊಲ್ಲಾಳಣ್ಣಗ ದೌಂಡಿಗೆ ಬದ್ಲಿ ಆಗ್ಯಾದಂತ್ರಿ. ಬರೋ ತಿಂಗಳ ಇಪ್ಪತ್ತೊಂದಕ್ಕ ಹೊಂಟಾರ."

ದೂರದ ಜಂಕ್ಷನ್ ಅದು, ವರ್ಗವಾದರೆ ಹೋಗಲಿ ಎಂದೆ. ಆಮೇಲೆ ಒಂದು ಅಂಗಿಗೆ ಎಡಗೈ ತೋಳನ್ನು ಬಲಕ್ಕೆ ಹಚ್ಚಿ, ಬಿಚ್ಚಿ, ಮತ್ತೆ ಬಲಕ್ಕೇ ಹಚ್ಚಿದೆ.

ಮೂವತ್ತಮೂರು ದಿನ ಇದೆ. ಹಾಗೇ ಹೋಗಿಬಿಡುತ್ತಾನೆಯೇ?

೨೮ ಜನವರಿ, ಗುರುವಾರ

ಇಂದು ಬಂದ. ಕೈಯಲ್ಲಿ ಖಾಕಿ ಬಟ್ಟೆ. ದೌಂಡಿಗೆ ಹೊಸ ಯೂನಿಫಾರ್ಮು ಬೇಕಲ್ಲ, ವಾಡಿಯಲ್ಲಿ ಅವನ ಹೆಗಲಿಗೆ ಕೂಡುವ ಹಾಗೆ ಹೊಲಿಯುವವನು ಇನ್ನೊಬ್ಬನಿಲ್ಲ. ಕಟ್ಟೆ ಹತ್ತಬೇಡ ಎಂದಿದ್ದೆನಲ್ಲ, ಕೆಳಗೇ ನಿಂತ. ನಾನು ಇಂಚಿನ ಟೇಪು ಹಿಡಿದು ಕೆಳಗಿಳಿದೆ. ಮಾಳಮ್ಮ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು.

"ತಂಗೀ, ನಿಮ್ಮ ಟೇಲರಗ ಹೇಳು" ಎಂದ ಗೊಲ್ಲಾಳ, ನನ್ನ ತಲೆಯ ಮೇಲಿಂದ. "ಹೋದ ಸಲದ ತೋಳು ಗಿಡ್ಡ ಆಗಿತ್ತು."

"ಅವಗ ಹೇಳು" ಎಂದೆ ನಾನು, ಅವನ ಎದೆಗೆ ಟೇಪು ಸುತ್ತುತ್ತ. "ತೋಳು ಸರಿನೇ ಇತ್ತು. ನಗುವಾಗ ಕೈ ಅಷ್ಟು ಚಾಚಿದ್ರ ಯಾವ ತೋಳೂ ಗಿಡ್ಡೇ."

"ತಂಗೀ, ಹೊಟ್ಟಿ ಸುತ್ತಳತಿ ಸಡ್ಲ ಹಿಡೀಲಿಕ್ಕ ಹೇಳು. ಉಸರ ಕಟ್ಟಾಕತ್ತದ."

"ಉಸರ ಬಿಡಂತ ಹೇಳು."

ಮಾಳಮ್ಮ ಮೊರ ಕೆಳಗಿಟ್ಟಳು. "ನಾ ಏನ್ ಸ್ಟೇಷನ್ ಮಾಸ್ತರನ ಟೆಲಿಫೋನ್ ಏನ್ರಿ? ಮಾತಾಡೂದಿದ್ರ ಮಾತಾಡ್ರಿ, ಇಲ್ಲಂದ್ರ ಅಕ್ಕಿ ಆರಿಸಾಕ ಬರ್ರಿ ಇಬ್ಬರೂ."

ನಾನು ಅಳತೆ ಮುಗಿಸಿ ಪುಸ್ತಕದಲ್ಲಿ ಬರೆದುಕೊಂಡೆ. ಎದೆ ನಲವತ್ತು, ಹೋದ ವರ್ಷಕ್ಕಿಂತ ಒಂದು ಇಂಚು ಕಡಿಮೆ. ಆರೋಗ್ಯ ಸರಿಯಿಲ್ಲವೇ? ಕೇಳಬೇಕಿತ್ತು. ಯಾರ ಮೂಲಕ ಕೇಳಲಿ?

೩ ಫೆಬ್ರವರಿ, ಬುಧವಾರ

ಉರ್ದು ಶಾಲೆಯ ರಶೀದಾಬೇಗಂ ಟೀಚರಬಾಯಿ ಬ್ಲೌಸು ಒಯ್ಯಲು ಬಂದಿದ್ದರು. ಅವರಿಗೆ ಇಂಗ್ಲಿಷ್ ಬರುತ್ತದೆ. ಎಂಟು ವರ್ಷದಲ್ಲಿ ಒಮ್ಮೆಯೂ ಅವರಿಗೆ ರೆಕಾರ್ಡು ತೋರಿಸಿದ್ದಿಲ್ಲ. ತಪ್ಪು ತಿಳಿದಾರು ಎಂಬ ಭಯ. ಇಂದು ತಡೆಯಲಾಗದೆ ಸಾಹೇಬನ ತಟ್ಟೆ ಅವರ ಕೈಗಿಟ್ಟೆ.

"ಟೀಚರಬಾಯಿ, ಇದರ ಮ್ಯಾಲ ಏನ್ ಬರ್ದಾರ ನೋಡ್ರಿ. ನಲವತ್ತೈದು ಅಂತ ಅದ. ಅದು ಅಳತಿ ಅಲ್ಲೇನ್ರಿ?"

"ಅಳತಿ?"

"ಕೋಟಿಗೆ ನಲವತ್ತು, ನಲವತ್ತೆರಡು ಇರ್ತದಲ್ರಿ, ಹಂಗ. ಸಣ್ಣ ತಟ್ಟಿ ಸೈಜು."

ಅವರು ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡರು, ಆದರೆ ಜೋರಾಗಿ ನಗಲಿಲ್ಲ. "ಇಲ್ರೀ ಮಾಸ್ಟರ್. ಮಿನಿಟಿಗೆ ನಲವತ್ತೈದು ಚಕ್ಕರ್ ತಿರಗಬೇಕಂತ. ದೊಡ್ಡದು ತಗೀರಿ. ನೋಡ್ರಿ, ಇಲ್ಲಿ ಮೂವತ್ತಮೂರು. ಅದು ನಿಧಾನ, ಇದು ಜಲ್ದಿ. ಮತ್ತ ಇಲ್ಲಿ ನೋಡ್ರಿ, ಎರಡರ ಮ್ಯಾಲೂ ಒಂದೇ ಹೆಸರು ಅದ. ಹಾಡಿದಾಕಿ ಹೆಂಗಸು."

ಒಂದೇ ಹೆಸರು. ಸಣ್ಣದರ ಮೇಲೂ, ಕೂಡಿಕೆ ತಟ್ಟೆಯ ಮೇಲೂ.

ನನ್ನ ಮಷೀನಿನ ಪಕ್ಕದಲ್ಲೂ ಒಂದು ಕಡ್ಡಿ ಇದೆ. ಅಂಕಿಗಳು ಅಳಿಸಿಹೋಗಿವೆ. ತಂದ ದಿನದಿಂದ ಅದು ಅಲುಗಿದ್ದಿಲ್ಲ. ಅಲುಗಿಸಿದರೆ ಮುರಿದೀತು ಎಂದು ನಾನು ಮುಟ್ಟಿದ್ದೇ ಇಲ್ಲ, ಯಾರಿಗೂ ಮುಟ್ಟಲು ಬಿಟ್ಟಿದ್ದೂ ಇಲ್ಲ.

೪ ಫೆಬ್ರವರಿ, ಗುರುವಾರ

ಆ ಕಡ್ಡಿಯ ಬುಡಕ್ಕೆ ಹೊಲಿಗೆ ಮಷೀನಿನ ಎಣ್ಣೆ ನಾಲ್ಕು ಹನಿ ಬಿಟ್ಟೆ. ಊಟ ಮಾಡಿ ಬಂದು ಕಣ್ಣು ಮುಚ್ಚಿ ಒತ್ತಿದೆ. ಕಟ್ ಎಂದು ಸರಿಯಿತು. ಮುರಿಯಲಿಲ್ಲ.

ಹುಡುಗಿ ಹಾಡಿದಳು.

ಕಡ್ಡಿ ಹಿಂದಕ್ಕೆ ತಂದೆ, ಸಾಹೇಬ. ಮುಂದಕ್ಕೆ ಒತ್ತಿದೆ, ಹುಡುಗಿ. ಎಷ್ಟು ಸಲ ಮಾಡಿದೆನೋ. ಗೊಲ್ಲಾಳ ಹೇಳಿದ್ದೇ ನಿಜ. ಎಂಟು ವರ್ಷ ನನ್ನ ಮಷೀನೇ ಕುಂಟುತ್ತಿತ್ತು.

ಆಮೇಲೆ ನಲವತ್ತೊಂದನ್ನೂ ಒಂದೊಂದಾಗಿ ಹಾಕುತ್ತ ಹೋದೆ, ಕೆಲಸ ಬಿಟ್ಟು. ಒಂದೇ ಥಾನಿನ ಕೋಟಿನವರನ್ನು ನಾನು ಹೆಣದ ಹಿಂದೆ ನಡೆಯುವವರು ಎಂದುಕೊಂಡಿದ್ದೆ. ಅವರು ಗಾಡಿ ತಪ್ಪೀತೆಂದು ಓಡುವವರು. ಕಿರಿಕಾಲರಿನವರ ಡ್ರಮ್ಮಿನವನನ್ನು ಸೋಂಬೇರಿ ಎಂದು ಎಷ್ಟೋ ಸಲ ಬೈದಿದ್ದೇನೆ. ಅವನ ಕೈ ನೋಡಬೇಕು, ಕಾಳು ಹುರಿದ ಹಾಗೆ! ಅವನ ಕ್ಷಮೆ ಕೇಳುತ್ತೇನೆ. ಝಾಲರಿನವರು ಮಾತ್ರ ಜಲ್ದಿ ಆದ ಮೇಲೂ ನೆಟ್ಟಗಾಗಲಿಲ್ಲ. ಅವರದು ಬಟ್ಟೆಯ ಡೌಲು ಅಷ್ಟೇ. ನಾಲ್ಕು ನಿಮಿಷದ ಹಾಡುಗಳೆಲ್ಲ ಮೂರಕ್ಕೆ ಮುಗಿದವು. ಅಂದರೆ ಎಂಟು ವರ್ಷ ನಾವು ಹಾಡಿಗೆ ಒಂದು ನಿಮಿಷ ಹೆಚ್ಚು ಕೇಳಿದ್ದೇವೆ.

ಸಂಜೆ ಸಾಹೇಬನನ್ನು, ಅಂದರೆ ಹುಡುಗಿಯನ್ನು, ಇನ್ನೊಮ್ಮೆ ಹಾಕಿದಾಗ ಮಾಳಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. "ಯಾರ್ರೀ ಇಕಿ? ಚೆಂದ ಹಾಡಾಕತ್ತಾಳ. ಇನ್ನೊಮ್ಮೆ ಹಾಕ್ರಿ." ಹಾಕಿದೆ. ನನ್ನ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ಗೊಲ್ಲಾಳನಿಗೆ ಹೇಗೆ ಹೇಳಲಿ?

೯ ಫೆಬ್ರವರಿ, ಮಂಗಳವಾರ

ಹಾಡಿನ ಅರ್ಥ ಕೇಳಬಾರದಿತ್ತು. ಕೇಳಿಬಿಟ್ಟೆ. ಟೀಚರಬಾಯಿ ಎರಡು ಸಲ ಕೇಳಿಸಿಕೊಂಡು ಹೇಳಿದರು: ಒಬ್ಬ ಹುಡುಗಿ, ಒಬ್ಬ ಹುಡುಗ, ಸ್ಕೂಟರಿನ ಮೇಲೆ ಸಮುದ್ರದ ದಂಡೆಗೆ ಹೋಗುತ್ತಾರೆ. ಬುತ್ತಿ ಡಬ್ಬಿ ಮನೆಯಲ್ಲೇ ಮರೆತು ಬಂದಿದ್ದಾರೆ. ಅಷ್ಟೇ.

"ಅಷ್ಟೇನಾ?"

"ಕಡೀಕ ಐಸ್‌ಕ್ರೀಮ್ ತಿಂತಾರ" ಎಂದರು.

ಮಗಳು ಹೋದಾಗ ನಾನು ಬುತ್ತಿ ಮರೆತವರ ಹಾಡು ಹಾಕಿಕೊಂಡು ಅತ್ತೆನೇ? ಎರಡು ತಿಂಗಳು? ಇದು ಗುರುದೇವಿಗೆ ಮಾಡಿದ ಅವಮಾನವಲ್ಲವೇ? ಊಟದ ತಾಟು ಸರಿಸಿ ಕುಳಿತೆ. ಮಾಳಮ್ಮ ಕೇಳಿದಳು, ಹೇಳಿಬಿಟ್ಟೆ. ಆ ಹೆಸರು ನಮ್ಮ ಮನೆಯಲ್ಲಿ ಎತ್ತಿ ಎಷ್ಟು ದಿನವಾಗಿತ್ತೋ. ಅವಳು ಬಂದು ಎದುರಿಗೆ ಕುಳಿತಳು.

"ಶಾಬಾದಿಗೆ ಹೋದಾಗ ನಾವೂ ಬುತ್ತಿ ಮರ್ತಿದ್ದೆವಲ್ಲ. ಗಾಡ್ಯಾಗ ಕೂಸು ಎಷ್ಟು ನಕ್ಕಿತ್ತು" ಎಂದಳು. ಎದ್ದು ಹೋಗಿ ರೊಟ್ಟಿ ಬಿಸಿ ಮಾಡಿ ತಂದಳು. ಎರಡು ತಿಂದೆ.

೧೬ ಫೆಬ್ರವರಿ, ಮಂಗಳವಾರ

ಯೂನಿಫಾರ್ಮು ಆಯಿತು. ಒಯ್ಯಲು ಅವನೇ ಬಂದಾಗ ಹೇಳಬೇಕೆಂದು ಒಂದು ಮಾತು ಕಲಿತು ಇಟ್ಟುಕೊಂಡಿದ್ದೆ. ಬಂದವಳು ಯಂಕಮ್ಮ.

"ಅಣ್ಣಾ, ರೆಕಾರ್ಡಿನ ಪೆಟಿಗಿ ನಿಮ್ಮ ಹತ್ರಾನೇ ಇರ್ಲಂತ ನಮ್ಮವರು ಹೇಳ್ಯಾರ್ರೀ" ಎಂದಳು. "ಹಂಚಿಕೊಂಬೂದು ಬ್ಯಾಡಂತ. ಒಂದೂ ಬ್ಯಾಡಂತ."

ಬೈದು ಕಳಿಸಿದ್ದರೆ ಹಗುರಾಗುತ್ತಿತ್ತು. ಪೆಟ್ಟಿಗೆ ಅವನದು. ಹೈದರಾಬಾದಿನಿಂದ ಮಷೀನು ತಂದದ್ದು ಇವನ್ನೇ ಕೇಳಲಿಕ್ಕೆ. ಬರಿಗೈಯಲ್ಲಿ ಹೋಗುತ್ತಿದ್ದಾನೆ, ನನ್ನ ಹಟದಿಂದ.

ಈಗಲೇ ಅವನ ಮನೆಗೆ ಹೋಗಲೇ? ಆ ನಾಲ್ಕು ಮಂದಿ ಮತ್ತೆ ಅಲ್ಲಿ ಕುಳಿತಿದ್ದರೆ? ಕ್ವಾರ್ಟರ್ಸಿನ ಗೇಟಿನ ತನಕ ಹೋಗಿ ವಾಪಸು ಬಂದೆ.

೨೦ ಫೆಬ್ರವರಿ, ಶನಿವಾರ

ನಾಳೆ ಹೊರಡುತ್ತಾನೆ.

ಪೆಟ್ಟಿಗೆ ಪೂರ್ತಿ ಕೊಟ್ಟರೆ ಒಯ್ಯುವುದಿಲ್ಲ, ಅವನ ಹಟ ನನಗೆ ಗೊತ್ತು. ಕೆಲವನ್ನು ಆರಿಸಿ ಕೊಡೋಣವೆಂದು ಕುಳಿತೆ. ಇಪ್ಪತ್ತು ಆರಿಸಿದೆ. ಹನ್ನೆರಡಕ್ಕೆ ಇಳಿಸಿದೆ. ಓಡುವ ಹಾಡಿನ ಪಕ್ಕದಲ್ಲಿ ಮೆತ್ತಗಿನದೊಂದು ಬೇಕು, ಕೋಟಿನವರ ಎರಡು ತಟ್ಟೆ ಒಟ್ಟಿಗೆ ಬರಬಾರದು, ಝಾಲರಿನವರು ಬೇಡವೇ ಬೇಡ. ಹೀಗೆ ಮಾಡುತ್ತ ಕೂಡಿಕೆ ತಟ್ಟೆ ಮಾಡಿದವನ ಕಷ್ಟ ತಿಳಿಯಿತು. ಅವನೂ ಯಾರಿಗೋ ಕಳಿಸಲೆಂದೇ ಆರಿಸಿರಬೇಕು.

ಕೊನೆಗೆ ಹನ್ನೊಂದನ್ನೂ ತಿರುಗಿ ಪೆಟ್ಟಿಗೆಗೆ ಹಾಕಿದೆ. ಒಂದೇ ಸಾಕು. ಕವರಿಲ್ಲದ್ದು.

ಅವನ ಯೂನಿಫಾರ್ಮಿನಲ್ಲಿ ಉಳಿದ ಖಾಕಿ ತುಂಡಿನಿಂದ ಅದಕ್ಕೊಂದು ಚೀಲ ಹೊಲಿದೆ, ಒಳಗೆ ಮೆತ್ತನೆಯ ಅಸ್ತರಿ ಹಚ್ಚಿ. ಮಾಳಮ್ಮ ಪಕ್ಕದಲ್ಲಿ ಕುಳಿತು ಕಾಜಾ ಮಾಡಿ ಗುಂಡಿ ಹಚ್ಚಿದಳು. ಈಗೀಗ ಅವಳು ಮಧ್ಯಾಹ್ನವೆಲ್ಲ ಅಂಗಡಿಯಲ್ಲೇ ಇರುತ್ತಾಳೆ, ಗುಂಡಿ ಕೆಲಸ ಬೇಗ ಸಾಗುತ್ತಿದೆ.

ಗಾಡಿ ಮುಂಜಾನೆಯದು. ಮಾತು ಹೊರಡದಿದ್ದರೆ ಕೈಯಲ್ಲಿಟ್ಟು ಬಂದುಬಿಡುತ್ತೇನೆ.

೨೧ ಫೆಬ್ರವರಿ, ಭಾನುವಾರ

ಬೋಗಿಯ ಬಾಗಿಲಲ್ಲಿ ಸಾಮಾನು ಏರಿಸುತ್ತಿದ್ದ. ನಾನು ಹೊಲಿದ ಅಂಗಿ ಹಾಕಿಕೊಂಡಿದ್ದ, ತೋಳು ಸರಿಯಾಗಿತ್ತು. ಕಳಿಸಲು ಬಂದ ರೈಲ್ವೆಯವರಲ್ಲಿ ಆ ನಾಲ್ವರೂ ಇದ್ದರು. ನಾನು ಕಂಬದ ಹಿಂದೆ ನಿಂತೆ. ಮಾಳಮ್ಮ ಹಿಂದಿನಿಂದ ಬೆನ್ನಿಗೆ ಕೈ ಹಚ್ಚಿ ದೂಡಿದಳು.

"ಲೇ ಗೊಲ್ಲಾಳ" ಎಂದೆ. ಎಲ್ಲರೂ ತಿರುಗಿದರು. "ನೀ ಹೇಳಿದ್ದೇ ಖರೆ. ನಂದೇ ಮಷೀನು ಕುಂಟಾಕತ್ತಿತ್ತು. ಅಕಿ ಹುಡುಗಿನೇ. ತಗೋ, ನಲವತ್ತೈದರ ಮ್ಯಾಲ ಹಾಕ್ಕೋ."

ಈಗ ನಗುತ್ತಾನೆ ಎಂದು ಕಾದೆ. ಅವನು ಚೀಲದ ಗುಂಡಿ ಬಿಚ್ಚಿ, ಸಂತ್ರಿ ಬಣ್ಣದ ಚೀಟಿಯ ಮೇಲೆ ಬೆರಳಾಡಿಸಿದ.

"ಇದೊಂದೇ ಐತಲ್ಲಲೇ. ನಿನಗ?"

"ದೊಡ್ಡ ತಟ್ಟಿ ಐತಲ್ಲ. ಅದರಾಗ ಅಕಿ ಹಾಡ್ತಾಳ. ಮಾಳಮ್ಮಗ ಸೇರ್ತದ."

ಗಾರ್ಡು ಸೀಟಿ ಊದಿದ. ಗೊಲ್ಲಾಳ ಮೆಟ್ಟಿಲ ಮೇಲೆ ಬಗ್ಗಿ ನನ್ನ ಹೆಗಲು ಹಿಡಿದ.

"ಅವತ್ತ ಸಾಹೇಬನ ಬದಲಿ ಆ ಹುಡುಗಿ ದನಿ ಬಂದಾಗ ನನ್ನ ಎದಿ ಧಸಕ್ ಅಂತಪಾ, ಚಂದ್ರಾಮ. ಮಂದಿ ಕುಂತಿತ್ತು, ಅಳಾಕ ಬರ್ತಿತ್ತೇನು? ನಕ್ಕೆ. ನೀ ಎದ್ದು ಹ್ವಾದಿ."

ಗಾಡಿ ಅಲುಗಿತು. ನಾನು ಜೊತೆಗೆ ನಡೆದೆ.

"ಮತ್ತ ಕೇಳು. ನಾ ಇದನ್ನ ಮೂವತ್ತಮೂರರ ಮ್ಯಾಲೇ ಹಾಕ್ತೀನಿ. ಅಕಿ ಯಾರೋ ಏನೋ, ಸುಖವಾಗಿರ್ಲಿ. ಗುರುದೇವಿ ಹ್ವಾದಾಗ ನಮ್ಮ ಜೋಡಿ ಕುಂತಾಂವ ಸಾಹೇಬ."

ಏನಾದರೂ ಹೇಳಬೇಕಿತ್ತು. "ಬಿಸಿಲಾಗ ಇಡಬ್ಯಾಡ! ಸೂಜಿ ಹೊಸಾದು ಹಾಕು! ಡಾಕ್ಟರಗ ಎದಿ ತೋರಸು, ಒಂದು ಇಂಚು ಇಳದದ!" ಎಂದು ಕೂಗುತ್ತ ಪ್ಲಾಟ್‌ಫಾರಂ ಮುಗಿಯುವ ತನಕ ಓಡಿದೆ.

"ಹೂಂನಪಾ, ಅಜ್ಜಿ!" ಎಂದು ಅವನ ದನಿ ಬಂತು.

೮ ಮಾರ್ಚ್, ಸೋಮವಾರ

ಬಹಳ ದಿನ ಬರೆಯಲಿಲ್ಲ. ಮದುವೆ ಸುಗ್ಗಿ, ಬಟ್ಟೆಯ ರಾಶಿ. ಕೂಡಿಕೆ ತಟ್ಟೆ ಮಧ್ಯಾಹ್ನ ತಿರುಗುತ್ತಿರುತ್ತದೆ. ಆರನೆಯ ಹಾಡಾಗಿ ಆ ಹುಡುಗಿ ಬಂದಾಗ ಮಾಳಮ್ಮ ಗುಣುಗುಣಿಸುತ್ತಾಳೆ, ರಾಗ ಒಂದಿಷ್ಟು ತಪ್ಪಿಸಿ.

ಇಂದು ದೌಂಡಿನಿಂದ ಕಾರ್ಡು ಬಂತು. ಮಾಳಮ್ಮನೇ ಓದಿದಳು:

"ಚಂದ್ರಾಮಗ ಗೊಲ್ಲಾಳನ ಶರಣು. ಎದಿ ತೋರಿಸೀನಿ, ಏನೂ ಇಲ್ಲ, ಬೀಡಿ ಕಮ್ಮಿ ಮಾಡಂದಾರ. ಸಾಹೇಬ ಸುಖವಾಗಿ ಮುಟ್ಯಾನ. ಐತವಾರ ಹಾಕಿದ್ದೆ. ಬಾಜೂ ಕ್ವಾರ್ಟರ್ಸಿನ ಮಂದಿ ಬಾಗಿಲಿಗೆ ಬಂದು ಕುಂತು ಪೂರಾ ಕೇಳಿದ್ರು. ಮುಗಿದ ಮ್ಯಾಲ, ಇವ ಯಾವ ದೇಶದಾಂವ ಅಂತ ಕೇಳಿದ್ರು. ನಮ್ಮ ವಾಡಿಯಾಂವ ಅಂದೆ."